ಬಾಂಡಿನ ಲೆಕ್ಕ ಕೇಳಲು ಹೊರಟ ಮಗಳಿಗೆ

ಭಾಗ್ಯಲಕ್ಷ್ಮಿ ಬಾಂಡಿನಿಂದ ಬಡವರ ಮನೆಯ ಹೆಣ್ಣುಮಕ್ಕಳಿಗೆ ನಿಜಕ್ಕೂ ಏನಾಯಿತು ಅಂತ ತಿಳಿಯಲು ನಮ್ಮ ಹಿರೇನಲ್ಲೂರು ಹೋಬಳಿಯನ್ನೇ ಆರಿಸಿಕೊಂಡಿದ್ದೀಯ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ನೀನು ಕಳಿಸಿದ ಪ್ರಶ್ನಾವಳಿ, ಅದರ ಜತೆಗಿದ್ದ ಮೆಕ್ಸಿಕೋ, ಮಲಾವಿ, ಹರಿಯಾಣದ ಅಧ್ಯಯನದ ಕಾಗದಗಳು ಎಲ್ಲವನ್ನೂ ಓದಿದೆ. ನಿನ್ನ ಮೊದಲ ಪ್ರಶ್ನೆ ಹೀಗಿದೆ: "ಯೋಜನೆಯಿಂದ ನಿಮಗೆ ಅನುಕೂಲವಾಗಿದೆಯೇ? ಹೌದು / ಇಲ್ಲ." ಮಗಳೇ, ಆ ಪ್ರಶ್ನೆಗೆ ಕಡೂರು ಸೀಮೆಯಲ್ಲಿ ಯಾರೂ 'ಇಲ್ಲ' ಅನ್ನುವುದಿಲ್ಲ. ಮನೆ ಬಾಗಿಲಿಗೆ ಪೆನ್ನು ಹಿಡಿದು ಬಂದವರ ಹತ್ತಿರ ಸರ್ಕಾರದ ದುಡ್ಡು ಚೆನ್ನಾಗಿಲ್ಲ ಅಂದರೆ ಮುಂದಿನದೂ ನಿಂತುಹೋದೀತು ಅಂತ ಎಲ್ಲರಿಗೂ ಒಂದು ಅಳುಕು. ಮೇಲ್ವಿಚಾರಕಿಯಾಗಿ ಅಂಗನವಾಡಿ ಅಂಗನವಾಡಿ ಸುತ್ತಿ, ಈ ಅರ್ಜಿಗಳ ಕಂತೆ ಹೊತ್ತು ನಿವೃತ್ತಳಾದ ನಿನ್ನ ದೊಡ್ಡಮ್ಮನಿಗೆ ತೋಚಿದ್ದನ್ನು ಬರೆದಿದ್ದೇನೆ. ನೆನಪಾದ ಹಾಗೆ ಬರೆದದ್ದು, ಕ್ರಮ ಹುಡುಕಬೇಡ.

• ಮೊದಲು ಷರತ್ತುಗಳನ್ನು ಬಾಯಿಪಾಠ ಮಾಡಿಕೊ. ಬಿಪಿಎಲ್ ಮನೆ, 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಗು, ಹುಟ್ಟಿದ ಒಂದು ವರ್ಷದೊಳಗೆ ಜನನ ಪ್ರಮಾಣಪತ್ರದ ಜತೆ ಅರ್ಜಿ, ಒಂದು ಮನೆಗೆ ಎರಡೇ ಹೆಣ್ಣುಮಕ್ಕಳಿಗೆ ಸೌಲಭ್ಯ. ಆಮೇಲೆ ಲಸಿಕೆ ಹಾಕಿಸಬೇಕು, ಅಂಗನವಾಡಿಗೆ ಸೇರಿಸಬೇಕು, ಶಾಲೆಗೆ ಕಳಿಸಬೇಕು, ಕೂಲಿಗೆ ಹಚ್ಚಬಾರದು, ಹದಿನೆಂಟು ತುಂಬುವವರೆಗೆ ಮದುವೆ ಮಾಡಬಾರದು. ಇಷ್ಟನ್ನೂ ಹದಿನೆಂಟಕ್ಕೆ ಹಣ ಕೈಗೆ ಬರುವ ಒಂದೇ ಬಾಂಡಿಗೆ ಕಟ್ಟಿದ್ದರು. ನೀನು 'ಯೋಜನೆಯ ಪರಿಣಾಮ' ಅಂತ ಒಂದೇ ಅಂಕಿ ತೆಗೆಯಲು ಹೊರಟರೆ, ಇದರಲ್ಲಿ ಯಾವ ಷರತ್ತು ಯಾರನ್ನು ಏನು ಮಾಡಿತು ಅನ್ನುವುದೇ ಗೊತ್ತಾಗುವುದಿಲ್ಲ. ಒಂದೊಂದು ಷರತ್ತಿಗೂ ಒಂದೊಂದು ಹಾಳೆ ಇಡು.

• ಫಲಾನುಭವಿಗಳ ಪಟ್ಟಿಯಿಂದ ಶುರು ಮಾಡಬೇಡ. ಅದು ಒಳಗೆ ಬಂದವರ ಪಟ್ಟಿ. ಷರತ್ತಿಟ್ಟು ದುಡ್ಡು ಕೊಡುವ ಯೋಜನೆಯಲ್ಲಿ ತಿಳಿಯಬೇಕಾದ ಅರ್ಧ ಸಂಗತಿ ಹೊರಗೆ ಉಳಿದವರ ಹತ್ತಿರ ಇರುತ್ತದೆ. ಅಂಗನವಾಡಿಯಲ್ಲಿ ಮನೆಮನೆ ಸರ್ವೆ ಮಾಡಿ ಬರೆದ ಹಳೆ ರಿಜಿಸ್ಟರು, ನರ್ಸಮ್ಮನ ಲಸಿಕೆ ಪುಸ್ತಕ, ಒಂದನೇ ಕ್ಲಾಸಿನ ದಾಖಲಾತಿ ಪುಸ್ತಕ, ಈ ಮೂರನ್ನೂ ಎದುರಿಗೆ ಇಟ್ಟುಕೊಂಡು ನೀನು ಆರಿಸಿಕೊಂಡ ವರ್ಷ ಹುಟ್ಟಿದ ಎಲ್ಲ ಹೆಣ್ಣುಮಕ್ಕಳ ಹೆಸರು ಬರೆದುಕೊ. ಆಮೇಲೆ ಬಾಂಡು ಇರುವವರಿಗೆ ಗುರುತು ಹಾಕುತ್ತಾ ಹೋಗು. ಗುರುತಿಲ್ಲದೆ ಉಳಿದ ಹೆಸರುಗಳ ಮನೆಗೆ ಮೊದಲು ಹೋಗು. ಉಳ್ಳವರಾದ್ದರಿಂದ ಹೊರಗುಳಿದ ಕೆಲವರು ಸಿಗುತ್ತಾರೆ, ಅವರನ್ನು ಬೇರೆ ಮಾಡು. ಮಿಕ್ಕವರಲ್ಲಿ ಎಲ್ಲರಿಗಿಂತ ಬಡವರು ಸಿಕ್ಕರೆ ಆಶ್ಚರ್ಯಪಡಬೇಡ. ಹೆರಿಗೆ ತವರಿನಲ್ಲಿ ಆಗಿರುತ್ತದೆ, ಜನನ ಪ್ರಮಾಣಪತ್ರ ಶಿವಮೊಗ್ಗದ ಆಸ್ಪತ್ರೆಯದ್ದೋ ಹೊಸದುರ್ಗದ್ದೋ ಇರುತ್ತದೆ, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಇನ್ನೂ ಸೇರಿರುವುದಿಲ್ಲ. ಇದನ್ನೆಲ್ಲ ಸರಿ ಮಾಡಿಸುವಷ್ಟರಲ್ಲಿ ಆ ಒಂದು ವರ್ಷ ಕಳೆದೇ ಹೋಗಿರುತ್ತದೆ.

• ಈಗ ನಾನು ತುಂಬ ದಿನದಿಂದ ಹೇಳಬೇಕೆಂದಿದ್ದ ಮಾತು. ಮಕ್ಕಳ ಸಂಖ್ಯೆ ಮೂರು ಮೀರಬಾರದು, ತಂದೆ ಅಥವಾ ತಾಯಿ ಆಪರೇಷನ್ ಮಾಡಿಸಿಕೊಂಡಿರಬೇಕು ಅಂತ ಒಂದು ನಿಯಮವಿತ್ತು. ಕಾಗದದ ಮೇಲೆ ಓದಿದರೆ ಜಾಣ ನಿಯಮವೇ. ಆದರೆ ಯಾರು ಆಪರೇಷನ್ ಮುಂದೂಡುತ್ತಾರೆ? ಎರಡು ಹೆಣ್ಣಾಯಿತು, ಇನ್ನೊಂದು ಸಲ ನೋಡೋಣ, ಗಂಡಾದರೆ ಸಾಕು ಅನ್ನುವ ಮನೆಯವರು. ಹೆಣ್ಣುಮಗು ಬೇಡವಾಗಿರುವುದು ಆ ಮನೆಯಲ್ಲೇ, ಈ ಯೋಜನೆ ತಲುಪಬೇಕಾಗಿದ್ದೂ ಆ ಮನೆಗೇ. ಷರತ್ತು ಆ ಮನೆಯ ಹುಡುಗಿಯರನ್ನೇ ಹೊರಗೆ ಇಟ್ಟಿತು. ಅತ್ತೆಯ ಹಟಕ್ಕೆ ನಾಲ್ಕನೆಯದನ್ನು ಹೆತ್ತ ತಾಯಿಯ ದೊಡ್ಡ ಮಗಳು ಏನು ತಪ್ಪು ಮಾಡಿದ್ದಳು? ನಿನ್ನ ವರದಿಯಲ್ಲಿ ಇಂಥ ಮನೆಗಳಿಗೆ ಒಂದು ಪ್ರತ್ಯೇಕ ಅಧ್ಯಾಯ ಇರಲಿ. ಹಣ ಸಿಕ್ಕವರ ಸುಖದ ಕತೆ ಬರೆಯಲು ಬೇರೆಯವರು ಇದ್ದಾರೆ.

• "ಬಾಂಡು ಬಂದ ಮೇಲೆ ಬಾಲ್ಯವಿವಾಹ ಕಡಿಮೆಯಾಯಿತು" ಅಂತ ಭಾಷಣದಲ್ಲಿ ಕೇಳಿರುತ್ತೀಯ. ನಂಬುವ ಮೊದಲು ಹುಟ್ಟಿದ ವರ್ಷ ಎಣಿಸು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಹೆಂಗಸರನ್ನು ಹದಿನೆಂಟಕ್ಕೆ ಮೊದಲೇ ಮದುವೆಯಾಯಿತೇ ಅಂತ ಕೇಳುತ್ತಾರೆ. 2005-06ರಲ್ಲಿ ಕರ್ನಾಟಕದಲ್ಲಿ ಹೌದೆಂದವರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು. 2015-16ರಲ್ಲಿ 21.4. ಹತ್ತು ವರ್ಷದಲ್ಲಿ ಅರ್ಧದಷ್ಟು ಇಳಿಯಿತು. 2019-21ರಲ್ಲಿ 21.3, ಅಂದರೆ ನಿಂತ ಜಾಗದಲ್ಲೇ ನಿಂತಿತು. ಈಗ ಲೆಕ್ಕ ಹಾಕು: 2015-16ರಲ್ಲಿ ಇಪ್ಪತ್ತು ತುಂಬಿದವರು ಹುಟ್ಟಿದ್ದು ತೊಂಬತ್ತರ ದಶಕದಲ್ಲಿ. ಅವರಲ್ಲಿ ಒಬ್ಬರ ಹೆಸರಲ್ಲೂ ಬಾಂಡಿಲ್ಲ! ಮೊದಲ ಬಾಂಡಿನ ಹುಡುಗಿಗೆ ಇಪ್ಪತ್ತು ತುಂಬುವುದೇ 2026ರಲ್ಲಿ. ಅಷ್ಟು ದೊಡ್ಡ ಇಳಿಕೆಯನ್ನು ಮಾಡಿದ್ದು ಬೇರೆ ಏನೋ. ಹತ್ತಿರದಲ್ಲಿ ಹೈಸ್ಕೂಲು ಬಂದದ್ದು, 2003ರಿಂದ ರಾಜ್ಯವಿಡೀ ಹರಡಿದ ಬಿಸಿಯೂಟ, 2006-07ರಲ್ಲಿ ಎಂಟನೇ ಕ್ಲಾಸಿಗೆ ಬಂದ ಸೈಕಲ್ಲು, ಕಡೂರು ಬೀರೂರಿನ ಕಾಲೇಜಿಗೆ ಬಸ್ಸು, ಟಿವಿ, ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ, ಎಲ್ಲವೂ ಸೇರಿರಬಹುದು. ಹರಿಯುತ್ತಿರುವ ನೀರಿಗೆ ಬಾಂಡು ಎಷ್ಟು ಸೇರಿಸಿತು ಅನ್ನುವುದಷ್ಟೇ ನಿನ್ನ ಪ್ರಶ್ನೆ.

• ಅದಕ್ಕೆ ಒಂದು ದಾರಿ ಸರ್ಕಾರವೇ ಗೊತ್ತಿಲ್ಲದೆ ತೆರೆದಿಟ್ಟಿದೆ. ಮಾರ್ಚ್ 31ರ ಗೆರೆ. 2006ರ ಫೆಬ್ರವರಿಯಲ್ಲಿ ಹುಟ್ಟಿದವಳಿಗೂ ಏಪ್ರಿಲ್‌ನಲ್ಲಿ ಹುಟ್ಟಿದವಳಿಗೂ ಬೀದಿ ಒಂದೇ, ಅಂಗನವಾಡಿ ಒಂದೇ, ಬಿಸಿಯೂಟ ಒಂದೇ. 2023ರ ಜೂನ್‌ನಲ್ಲಿ ಶಕ್ತಿ ಬಸ್ಸು ಪುಕ್ಕಟೆಯಾದಾಗ ಇಬ್ಬರಿಗೂ ಹದಿನೇಳು, ಆ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗಲೂ ಇಬ್ಬರಿಗೂ ಹದಿನೇಳು. ಒಬ್ಬಳ ಮನೆಯ ಟ್ರಂಕಿನಲ್ಲಿ ಬಾಂಡಿತ್ತು, ಇನ್ನೊಬ್ಬಳದರಲ್ಲಿ ಇರಲಿಲ್ಲ. ಗೆರೆಯ ಆಚೆ ಈಚೆ ಐದಾರು ತಿಂಗಳಿನ ಹುಡುಗಿಯರನ್ನು ಹುಡುಕಿ ಹೋಲಿಸು. ಒಂದೇ ಹಳ್ಳಿಯಲ್ಲಿ ಬೆರಳೆಣಿಕೆಯಷ್ಟು ಸಿಗುತ್ತಾರೆ, ಅದಕ್ಕೇ ಯಗಟಿ, ಪಂಚನಹಳ್ಳಿ, ಸಿಂಗಟಗೆರೆ, ಚೌಳಹಿರಿಯೂರು ಕಡೆಯೂ ಹೋಗಬೇಕಾದೀತು. ಮೆಕ್ಸಿಕೋದವರು 1997ರಲ್ಲಿ ಷರತ್ತಿಟ್ಟು ಹಣ ಕೊಡುವ ಪ್ರೊಗ್ರೆಸಾ ಯೋಜನೆ ಶುರು ಮಾಡಿದಾಗ 506 ಹಳ್ಳಿ ಆರಿಸಿ, ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು ಕೊಟ್ಟು, 186ಕ್ಕೆ ಒಂದೂವರೆ ವರ್ಷ ತಡವಾಗಿ ಕೊಟ್ಟರಂತೆ. ನಮ್ಮಲ್ಲಿ ಎಲ್ಲರಿಗೂ ಒಂದೇ ದಿನ ಘೋಷಣೆ. ನಮಗೆ ದಕ್ಕಿದ್ದು ಈ ತಾರೀಖಿನ ಗೆರೆ ಒಂದೇ.

• ಆ ಗೆರೆಯನ್ನೂ ಕಣ್ಣು ಮುಚ್ಚಿ ನಂಬಬೇಡ. ಆಗ ಮನೆ ಹೆರಿಗೆಗಳು ಇನ್ನೂ ಇದ್ದವು, ಜನನ ನೋಂದಣಿ ತಡವಾಗುತ್ತಿತ್ತು. ಮಾರ್ಚ್ ಕೊನೆಗೆ ಹುಟ್ಟಿದ ಮಗು ಏಪ್ರಿಲ್ ಮೊದಲ ವಾರದ್ದು ಅಂತ ಬರೆಸುವ ಆಸೆ ಯಾವ ತಂದೆಗೆ ಬರುವುದಿಲ್ಲ ಹೇಳು. ನಮ್ಮ ಕಾಲದಲ್ಲಿ ಹೆಡ್ಮಾಸ್ತರರ ಕೃಪೆಯಿಂದ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿತ್ತು! ತಿಂಗಳವಾರು ಜನನಗಳನ್ನು ಎಣಿಸಿ ನೋಡು. ಮಾರ್ಚ್ ಬಡವಾಗಿ ಏಪ್ರಿಲ್ ದಷ್ಟಪುಷ್ಟವಾಗಿದ್ದರೆ, ಗೆರೆಗೆ ತೀರ ಅಂಟಿಕೊಂಡ ಕೆಲವು ವಾರಗಳನ್ನು ಬಿಟ್ಟು ಎಣಿಸು.

• ಇನ್ನೊಂದು ಗುಂಡಿ ಇದೆ, ಮಳೆಗಾಲದಲ್ಲಿ ಮುಚ್ಚಿಕೊಂಡಿರುವಂಥದ್ದು. ನಿನ್ನ ಪಟ್ಟಿಯಲ್ಲಿ "ಎಸ್ಸೆಸ್ಸೆಲ್ಸಿ ಪಾಸಾದಳೇ?" ಅಂತ ಇದೆ. ಗೆರೆಯ ಹಿಂದಿನ ಹುಡುಗಿಯರಲ್ಲಿ ಹಲವರು ಪರೀಕ್ಷೆ ಬರೆದದ್ದು 2021ರಲ್ಲಿ, ಕೊರೊನಾ ವರ್ಷ. ಆ ಸಲ ಹೆಚ್ಚುಕಡಿಮೆ ಬರೆದವರೆಲ್ಲ ಪಾಸು. ಗೆರೆಯ ಈಚಿನವರು 2022ರಲ್ಲಿ ಬರೆದರು. ಆ ವರ್ಷ ರಾಜ್ಯದ ಫಲಿತಾಂಶ ನೂರಕ್ಕೆ ಸುಮಾರು 85. ನೀನು ಬರೀ ಪಾಸಾದವರನ್ನು ಎಣಿಸಿದರೆ, ಬಾಂಡು ಇದ್ದವರೇ ಹೆಚ್ಚು ಫೇಲಾದರು ಅಂತ ವರದಿ ಬರೆದುಬಿಡುತ್ತೀಯ. ಪಾಸಾದದ್ದನ್ನು ಬಿಟ್ಟು, ಮುಂದೆ ಪಿಯುಸಿಗೆ ಸೇರಿದಳೇ, ಎರಡನೇ ವರ್ಷಕ್ಕೆ ದಾಟಿದಳೇ ಅಂತ ಕೇಳು. ಎಂಟನೇ ಕ್ಲಾಸು ಮುಗಿಸಿದಳೇ ಅನ್ನುವುದನ್ನಂತೂ ತೆಗೆದೇ ಹಾಕು. 2010ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಂಟರವರೆಗೆ ಯಾರನ್ನೂ ಫೇಲು ಮಾಡುವಂತಿರಲಿಲ್ಲ, ಅದರಲ್ಲಿ ಬಾಂಡಿನ ಹೆಚ್ಚುಗಾರಿಕೆ ಏನೂ ಕಾಣುವುದಿಲ್ಲ.

• ಹುಡುಗರನ್ನೂ ಎಣಿಸು. ಗೆರೆಯ ಆಚೆ ಈಚೆ ಹುಟ್ಟಿದ ಗಂಡುಮಕ್ಕಳಿಗೆ ಬಾಂಡಿಲ್ಲ. ಹುಡುಗಿಯರಲ್ಲಿ ಕಂಡ ಏರಿಳಿತ ಹುಡುಗರಲ್ಲೂ ಹಾಗೇ ಕಂಡರೆ ಅದು ಬಾಂಡಿನದಲ್ಲ, ಕಾಲದ್ದು.

• ಹಣದ ಮೊತ್ತ ಎಲ್ಲರಿಗೂ ಒಂದೇ ಇರಲಿಲ್ಲ ಅನ್ನುವುದು ನಿನಗೆ ಗೊತ್ತಿರಲಿ. ಮೊದಮೊದಲು ಮಗುವಿನ ಹೆಸರಲ್ಲಿ ಇಟ್ಟಿದ್ದು 10,000 ರೂಪಾಯಿ. 2008ರ ಆಗಸ್ಟ್‌ನಿಂದ ಈಚಿನ ಮಕ್ಕಳಿಗೆ ಮೊದಲನೆಯವಳಿಗೆ 19,300, ಎರಡನೆಯವಳಿಗೆ 18,350 ಇಟ್ಟು, ಹದಿನೆಂಟಕ್ಕೆ ಲಕ್ಷ ಚಿಲ್ಲರೆ ಬರುವ ಹಾಗೆ ಮಾಡಿದರು. 2020-21ರಿಂದ ಬಾಂಡು ಹೋಗಿ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆ ಬಂತು: ವರ್ಷಕ್ಕೆ 3,000ದಂತೆ 15 ವರ್ಷ ಸರ್ಕಾರ ಕಟ್ಟುತ್ತದೆ, ಇಪ್ಪತ್ತೊಂದಕ್ಕೆ ಸುಮಾರು 1.27 ಲಕ್ಷ. ಜನ ಎಲ್ಲವನ್ನೂ 'ಬಾಂಡು' ಅಂತಲೇ ಕರೆಯುತ್ತಾರೆ, ಎಲ್ಲರಿಗೂ ಲಕ್ಷ ಬರುತ್ತದೆ ಅಂತಲೇ ನಂಬಿದ್ದಾರೆ. 2006-07ರ ಮಕ್ಕಳ ತಾಯಂದಿರ ಮುಖ 2024-25ರಲ್ಲಿ ಕೈಗೆ ಬಂದದ್ದು ನೋಡಿ ಬಾಡಿದ್ದಕ್ಕೆ ಕಾರಣ ಇದೇ. ಆದರೆ ನಿನ್ನ ಅಧ್ಯಯನಕ್ಕೆ ಇದು ಇನ್ನೊಂದು ಗೆರೆ. ಷರತ್ತು ಅವೇ, ಮೊತ್ತ ಮಾತ್ರ ಬೇರೆ. 2008ರ ಜುಲೈ ಹುಡುಗಿಯನ್ನೂ ಆಗಸ್ಟ್ ಹುಡುಗಿಯನ್ನೂ ಹೋಲಿಸಿದರೆ, ದುಡ್ಡು ಹೆಚ್ಚಾದರೆ ಷರತ್ತು ಹೆಚ್ಚು ಪಾಲನೆಯಾಗುತ್ತದೆಯೇ ಅಂತ ತಿಳಿದೀತು. ಅವರಿಗೆ ಹದಿನೆಂಟು ತುಂಬುವುದು 2026ರಲ್ಲಿ. ಈಗಲೇ ಹೆಸರು ಬರೆದಿಟ್ಟುಕೊ.

• ಲಕ್ಷವನ್ನು ಚಿನ್ನದಲ್ಲಿ ಅಳೆ, ಬ್ಯಾಂಕಿನ ಬಡ್ಡಿಯಲ್ಲಿ ಅಳೆಯಬೇಡ. ಹೆಣ್ಣು ಹೆತ್ತವರು ಅಳೆಯುವುದು ಹಾಗೇ. 2008ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಹನ್ನೆರಡು ಹದಿಮೂರು ಸಾವಿರದ ಆಸುಪಾಸು. ಅಂದು ಲಕ್ಷ ಅಂದರೆ ಎಪ್ಪತ್ತೈದು ಎಂಬತ್ತು ಗ್ರಾಂ, ಅಂದರೆ ಒಂದು ಮದುವೆಯ ಒಡವೆ. 2025ರಲ್ಲಿ ಹತ್ತು ಗ್ರಾಂನ ಬೆಲೆಯೇ ಲಕ್ಷ ದಾಟಿತು. ಬಾಂಡು ಕೈಗೆ ಕೊಟ್ಟ ದಿನ ತಾಯಿ ಕಂಡ ಕನಸಿನ ಗಾತ್ರ ಯಾವುದು, ಮಾಗಿದ ದಿನ ಸಿಕ್ಕಿದ್ದು ಯಾವುದು ಅನ್ನುವುದು ಬರೀ ಬೆಲೆಯೇರಿಕೆಯ ವಿಷಯವಲ್ಲ. ಮಗಳನ್ನು ಹದಿನೆಂಟರವರೆಗೆ ಕಾಯಿಸುವ ಶಕ್ತಿ ಆ ಕನಸಿನ ಗಾತ್ರಕ್ಕೇ ಸೇರಿದ್ದು. ವರ್ಷ ವರ್ಷ ಅದು ಕರಗುತ್ತಾ ಬಂದದ್ದು ತಾಯಂದಿರಿಗೆ ಯಾವಾಗ ಅರಿವಾಯಿತು ಅಂತ ಕೇಳು. ಹತ್ತಿರದ ಒಡವೆ ಅಂಗಡಿಯವನು ಹೇಳಿದಾಗ ಅಂತಲೇ ಹೆಚ್ಚು ಜನ ಅಂದಾರು.

• ಹರಿಯಾಣದ ಕಾಗದವನ್ನು ಎರಡು ಸಲ ಓದು. ಅಲ್ಲಿ 1994ರಲ್ಲೇ 'ಅಪ್ನೀ ಬೇಟಿ ಅಪ್ನಾ ಧನ್' ಅಂತ ನಮ್ಮ ಬಾಂಡಿನ ಅಕ್ಕನಂಥ ಯೋಜನೆ ಬಂತು. ಹದಿನೆಂಟಕ್ಕೆ ಮದುವೆಯಾಗಿರದಿದ್ದರೆ 25,000 ರೂಪಾಯಿ. ಹುಡುಗಿಯರು ಸ್ವಲ್ಪ ಹೆಚ್ಚು ಓದಿದರು ನಿಜ, ಆದರೆ ಮದುವೆ ಹದಿನೆಂಟರಾಚೆಗೆ ಹೋಗಲಿಲ್ಲ. ದುಡ್ಡನ್ನು ಮನೆಯವರು ಮದುವೆ ಖರ್ಚಿಗೆಂದೇ ಎತ್ತಿಟ್ಟುಕೊಂಡಿದ್ದರು. ನಮ್ಮಲ್ಲೂ ಹಾಗಾಯಿತೇ ನೋಡಲು "ಹದಿನೆಂಟರೊಳಗೆ ಮದುವೆಯಾಯಿತೇ" ಅಂತ ಕೇಳಿದರೆ ಸಾಲದು. ಹದಿನೆಂಟು ತುಂಬಿದ ಮೇಲಿನ ಒಂದೊಂದು ತಿಂಗಳನ್ನೂ ಗುರುತಿಸು. ಹುಟ್ಟುಹಬ್ಬದ ಮುಂದಿನ ಮಾಘ ಫಾಲ್ಗುಣದಲ್ಲೇ ಮದುವೆಗಳು ಗುಂಪಾಗಿ ಬಿದ್ದಿದ್ದರೆ, ಷರತ್ತು ಮದುವೆಯನ್ನು ತಡೆಯಲಿಲ್ಲ, ಮುಹೂರ್ತ ಇಟ್ಟುಕೊಟ್ಟಿತು ಅಂತ ಅರ್ಥ.

• ಮದುವೆಯ ವಯಸ್ಸನ್ನು ನೇರವಾಗಿ ಕೇಳಬೇಡ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಾದ ಮೇಲೆ ಅಂಥ ಮದುವೆ ಊರ್ಜಿತವೇ ಆಗುವುದಿಲ್ಲ, ಮೇಲೆ ಕೇಸು ಬೇರೆ. ಎಲ್ಲರೂ "ಹದಿನೆಂಟು ತುಂಬಿ ಮೂರು ತಿಂಗಳಿಗೆ" ಅನ್ನುತ್ತಾರೆ. ಬೇರೆ ದಾರಿಯಲ್ಲಿ ಹೋಗು. ಶಾಲೆ ಬಿಟ್ಟದ್ದು ಯಾವ ಕ್ಲಾಸಿಗೆ, ಟಿಸಿ ತಂದದ್ದು ಯಾವಾಗ, ಮೊದಲ ಮಗುವಿಗೆ ಈಗ ಎಷ್ಟು, ತಾಯಿ ಕಾರ್ಡು ಮಾಡಿಸಿದ್ದು ಯಾವ ಊರಿನಲ್ಲಿ, ಕೊರೊನಾ ಲಾಕ್‌ಡೌನಿಗೆ ಮೊದಲೋ ಆಮೇಲೋ, ಜಾತ್ರೆಗೆ ಮೊದಲೋ ಆಮೇಲೋ. ನಾಲ್ಕು ಉತ್ತರ ಸೇರಿಸಿದರೆ ವಯಸ್ಸು ತಾನಾಗಿ ಬರುತ್ತದೆ. ಬಂದದ್ದನ್ನು ಅವಳ ಹೆಸರಿನ ಪಕ್ಕ ಬರೆಯಬೇಡ. ಹೆಸರಿನ ಹಾಳೆ ಬೇರೆ, ಉತ್ತರದ ಹಾಳೆ ಬೇರೆ, ನಡುವೆ ನಂಬರು ಮಾತ್ರ. ನಿನ್ನ ಚೀಲ ಯಾರಾದರೂ ತೆಗೆದು ನೋಡಿದರೆ ಒಂದು ಹುಡುಗಿಯ ಸಂಸಾರಕ್ಕೆ ಕುತ್ತು ಬರಬಾರದು.

• ಷರತ್ತು ಪಾಲನೆಯ ಕಾಲಂನಲ್ಲಿ ನೂರಕ್ಕೆ ನೂರು ಬಂದರೆ ಖುಷಿಪಡಬೇಡ. ಲಸಿಕೆಯಾಯಿತು, ಅಂಗನವಾಡಿಗೆ ಬಂದಳು, ಮದುವೆಯಾಗಿಲ್ಲ ಅಂತ ಸಹಿ ಹಾಕಬೇಕಾದವರು ಅದೇ ಬೀದಿಯಲ್ಲಿ ಬದುಕುವವರು. ನೀರಿಗೆ ನಿಲ್ಲುವ ಸಾಲಿನಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ದಿನಾ ಮುಖ ನೋಡಬೇಕಾದವರು. ಯಾವ ಅಂಗನವಾಡಿ ಟೀಚರು ಪಕ್ಕದ ಮನೆಯ ಮಗುವಿನ ಲಕ್ಷ ರೂಪಾಯಿ ತಪ್ಪಿಸಿ ಅದೇ ಊರಿನಲ್ಲಿ ಇರುತ್ತಾಳೆ? ಇದನ್ನು ಭ್ರಷ್ಟತನ ಅಂತ ಬರೆದುಬಿಡಬೇಡ. ಕಾವಲಿಗೆ ಹಾಕಿದವರನ್ನೇ ನೆರವಿಗೂ ಹಾಕಿದರೆ ನೆರವೇ ಗೆಲ್ಲುತ್ತದೆ, ಗೆಲ್ಲಲಿ ಅಂತಲೂ ನನಗೆ ಅನಿಸುತ್ತದೆ. ನಿನಗೆ ನಿಜ ಬೇಕಿದ್ದರೆ ನರ್ಸಮ್ಮನ ಪುಸ್ತಕದ ತಾರೀಖಿಗೂ ಅರ್ಜಿಯ ತಾರೀಖಿಗೂ ತಾಳೆ ನೋಡು. ಟೀಚರನ್ನು ಕಟಕಟೆಗೆ ನಿಲ್ಲಿಸಬೇಡ. ಅವಳ ಕೈಯಲ್ಲಿ ಪೋಷಣ್ ಆ್ಯಪು, ಮೊಟ್ಟೆ ಲೆಕ್ಕ, ಚುನಾವಣೆಯ ಪಟ್ಟಿ ಎಲ್ಲ ಇವೆ. ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸಿ ಮುಗಿದ ಮೇಲೆ ಹೋಗು.

• ಕಾಫಿ ಹಣ್ಣು ಬಿಡಿಸುವ ತಿಂಗಳುಗಳಲ್ಲಿ ಸರ್ವೆ ಇಟ್ಟುಕೊಳ್ಳಬೇಡ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬಯಲುಸೀಮೆಯ ನಮ್ಮ ಕೂಲಿಯವರು ಮಲೆನಾಡಿನ ಎಸ್ಟೇಟ್ ಲೈನುಗಳಲ್ಲಿ ಇರುತ್ತಾರೆ. ನೀನು ಬೀಗ ಹಾಕಿದ ಬಾಗಿಲು ನೋಡಿ "ಮನೆಯಲ್ಲಿಲ್ಲ" ಅಂತ ಬರೆದು ಪಕ್ಕದ ಮನೆಗೆ ಹೋದರೆ, ನಿನ್ನ ಲೆಕ್ಕದಿಂದ ತಪ್ಪಿಹೋಗುವುದು ಯಾರ ಲೆಕ್ಕ ಬೇಕಿತ್ತೋ ಅವರೇ. ತಾಂಡಾಗಳಲ್ಲಿ ಇದು ಇನ್ನೂ ಹೆಚ್ಚು. ಮಕ್ಕಳೂ ಜತೆಗೆ ಹೋಗಿರುತ್ತವೆ, ಅಲ್ಲಿಗೆ ಹಾಜರಾತಿಯ ಷರತ್ತು ಮುರಿದಂತೆಯೇ. ಗೊಲ್ಲರಹಟ್ಟಿಗೆ ಹೋದರೆ ಬಾಣಂತಿಯನ್ನು ಊರಾಚೆ ಇರಿಸುವ ಪದ್ಧತಿ ಈಗಲೂ ಕೆಲವು ಕಡೆ ಉಳಿದಿದೆ ಅನ್ನುವುದು ಗಮನದಲ್ಲಿರಲಿ. ಲಸಿಕೆ ತಡವಾದದ್ದಕ್ಕೆ 'ನಿರ್ಲಕ್ಷ್ಯ' ಅಂತ ಟಿಕ್ ಹಾಕುವ ಮೊದಲು ಆ ಹೆಣ್ಣುಮಗಳು ಆಗ ಎಲ್ಲಿದ್ದಳು ಅಂತ ಕೇಳು.

• ಎಷ್ಟು ಬಂತು ಅಂತ ಕೇಳುವಾಗ ಎಷ್ಟು ಹೋಯಿತು ಅಂತಲೂ ಕೇಳು. ಉದಾಹರಣೆಗೆ ಷರತ್ತಿನ ಇನ್ನೊಂದು ಹಣ, ಮಾತೃವಂದನಾ ಯೋಜನೆಯ ಮೊದಲ ಮಗುವಿನ 5,000 ರೂಪಾಯಿ ತೆಗೆದುಕೊ. ಗರ್ಭಿಣಿ ನೋಂದಣಿ, ತಪಾಸಣೆ, ಜನನ ನೋಂದಣಿ, ಲಸಿಕೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರುವ ಹಣ. ಗಂಡನ ಆಧಾರ್ ಒಂದು ಸ್ಪೆಲ್ಲಿಂಗು, ಹೆಂಡತಿಯ ಪಾಸ್‌ಬುಕ್ಕು ಇನ್ನೊಂದು ಸ್ಪೆಲ್ಲಿಂಗು. ಕಡೂರಿಗೆ ಒಂದು ಸಲ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. 2025-26ರಲ್ಲಿ ನರೇಗಾ ಕೂಲಿಯೇ ದಿನಕ್ಕೆ 370 ಇತ್ತು. ಜೆರಾಕ್ಸು, ಸೈಬರ್ ಸೆಂಟರು, ಜತೆಗೆ ಬಂದವರ ಊಟ ಸೇರಿಸು. ಐದಾರು ಸಲ ಓಡಾಡಿದವಳ ಕೈಯಲ್ಲಿ ಉಳಿದದ್ದೆಷ್ಟು? ಅಂದ ಹಾಗೆ 2013ರ ಆಹಾರ ಭದ್ರತಾ ಕಾಯ್ದೆ ಎಲ್ಲ ಗರ್ಭಿಣಿಯರಿಗೂ 6,000ಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು ಅಂದಿತ್ತು. 2017ರಲ್ಲಿ ಅದು ಮೊದಲ ಮಗುವಿಗೆ ಮಾತ್ರ 5,000 ಆಗಿ ಇಳಿಯಿತು. ಈಗ ಎರಡನೆಯದು ಹೆಣ್ಣಾದರೆ 6,000 ಸೇರಿಸಿದ್ದಾರೆ. ಯೋಜನೆಯನ್ನು ಅಳೆಯುವವರು ಕಾಯ್ದೆಯ ಮಾತನ್ನೂ ಎದುರಿಗೆ ಇಟ್ಟುಕೊಳ್ಳಬೇಕು ತಾನೇ?

• ತರೀಕೆರೆಯ ಭದ್ರಾ ನಾಲೆ ಕಡೆಯ ಊರುಗಳ ಜತೆ ಹಿರೇನಲ್ಲೂರನ್ನು ಹೋಲಿಸಬೇಡ. ಅಲ್ಲಿ ನೀರಿದೆ, ಇಲ್ಲಿ ಬೋರಿಗೆ ಕೈಮುಗಿದು ಕೂರುವ ಜನ. ಅಡಿಕೆ ತೆಂಗು ಒಣಗಿದ ವರ್ಷ ಇಲ್ಲಿ ಕಾಲೇಜು ಬಿಟ್ಟವಳು ಬಾಂಡು ಇದ್ದೂ ಬಿಟ್ಟಳು. ಹೋಲಿಸಲೇಬೇಕೆಂದರೆ ಅಜ್ಜಂಪುರದ ಮಳೆಯಾಶ್ರಿತ ಹಳ್ಳಿಗಳನ್ನು ನೋಡು.

• "ಷರತ್ತು ಬೇಕೋ ಬೇಡವೋ" ಅಂತ ನಿನ್ನ ಗುರುಗಳು ಕೊನೆಗೆ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಲು ಅದೇ ಮನೆಯಲ್ಲಿ ಈಗ ಎರಡು ಬಗೆಯ ಹಣವಿದೆ. ತಿಂಗಳಿಗೆ 2,000ದ ಗೃಹಲಕ್ಷ್ಮಿ, ಇದಕ್ಕೆ ಮಕ್ಕಳ ಶಾಲೆ ಲಸಿಕೆ ಅಂತ ಯಾವ ಕಟ್ಟೂ ಇಲ್ಲ. ಹದಿನೆಂಟು ವರ್ಷ ಕಾದರೆ ಬರುವ ಬಾಂಡು, ಅದಕ್ಕೆ ಮೈತುಂಬ ಕಟ್ಟು. ಮಗಳ ಪಿಯುಸಿ ಫೀಸು ಕಟ್ಟಿದ್ದು ಯಾವುದರಿಂದ ಅಂತ ಕೇಳು. ಮಲಾವಿಯ ಜೊಂಬಾದಲ್ಲಿ ಕೆಲವು ಹುಡುಗಿಯರಿಗೆ ಶಾಲೆಗೆ ಬಂದರೆ ಮಾತ್ರ, ಕೆಲವರಿಗೆ ಸುಮ್ಮನೆ ಹಣ ಕೊಟ್ಟು ನೋಡಿದರಲ್ಲ, ಅದರಲ್ಲಿ ನನ್ನ ಮನಸ್ಸು ಹಿಡಿದದ್ದು ಇಷ್ಟು: ಷರತ್ತಿದ್ದ ಕಡೆ ಓದು ಹೆಚ್ಚು ಸುಧಾರಿಸಿತು, ಆದರೆ ಚಿಕ್ಕ ವಯಸ್ಸಿನ ಮದುವೆ ಬಸಿರು ಕಡಿಮೆಯಾದದ್ದು ಷರತ್ತಿಲ್ಲದ ಕಡೆ. ಶಾಲೆ ಬಿಟ್ಟವಳಿಗೂ ಅಲ್ಲಿ ಹಣ ನಿಲ್ಲಲಿಲ್ಲ. ಶಾಲೆ ಬಿಟ್ಟವಳಿಗೇ ತಾನೇ ಮನೆಯವರು ಗಂಡು ಹುಡುಕುವುದು? ನನಗೆ ಕೇಳಿದರೆ, ಶಾಲೆ ಹತ್ತಿರ ಇರುವ ಕಡೆ, ದಾಖಲೆ ಸುಲಭವಿರುವ ಕಡೆ ಷರತ್ತು ಸ್ವಲ್ಪ ಕೆಲಸ ಮಾಡುತ್ತದೆ. ಮಿಕ್ಕ ಕಡೆ ಅದು ಬಡವಳ ಮೇಲೆ ಹೊರಿಸಿದ ಇನ್ನೊಂದು ಓಡಾಟ. ನನ್ನ ಮಾತೆಂದು ಬರೆಯಬೇಡ, ನಿನ್ನ ಅಂಕಿ ಏನು ಹೇಳುತ್ತದೋ ಅದನ್ನು ಬರಿ.

• ಹೆಂಗಸರನ್ನು ಒಬ್ಬೊಬ್ಬರನ್ನೇ ಮಾತಾಡಿಸು. ಅತ್ತೆ ಜಗುಲಿಯಲ್ಲಿ ಕೂತಿದ್ದರೆ ಸೊಸೆಯ ಉತ್ತರವೂ ಅತ್ತೆಯದೇ. ಹಿತ್ತಲಿಗೆ ಹೋಗಿ ಸೊಪ್ಪು ಬಿಡಿಸುತ್ತಾ ಕೇಳು. ದೊಡ್ಡವರಿಗೆ ಅಮ್ಮ, ಅಜ್ಜಿ ಅನ್ನು, ಹತ್ತಿರದ ವಯಸ್ಸಿನವರಿಗೆ ಅಕ್ಕ. 'ಫಲಾನುಭವಿ' ಅನ್ನುವ ಮಾತು ನಿನ್ನ ಬಾಯಿಂದ ಬರಲೇಕೂಡದು. ಎಟಿಎಂ ಕಾರ್ಡು ಯಾರ ಹತ್ತಿರ ಇದೆ ಅನ್ನುವುದನ್ನು ಕೊನೆಗೆ ಕೇಳು. ಬಾಂಡು ಮಾಗಿದ ಹುಡುಗಿಯನ್ನು ಅವಳ ತಾಯಿಯಿಲ್ಲದಾಗಲೂ ಒಮ್ಮೆ ಕೇಳು: ಆ ಹಣ ನಿನ್ನ ಖಾತೆಯಲ್ಲಿ ಎಷ್ಟು ದಿನ ಇತ್ತು?

• ಹಣ ಕೊಡಿಸುತ್ತೇನೆ, ಮೇಡಂಗೆ ಹೇಳುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡ. ಆದರೆ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ತೋರಿಸಬಲ್ಲೆಯಾದರೆ ತೋರಿಸು. ನಿನ್ನ ಮಾದರಿಗೆ ಅದರಿಂದ ಕೆಡುಕಾಗುತ್ತದೆ ಅಂತ ನಿನ್ನ ಗುರುಗಳು ಅಂದರೆ, ಸರ್ವೆ ಮುಗಿಸಿದ ಮಾರನೇ ದಿನ ಹೋಗಿ ತೋರಿಸು.

• ಬರುವಾಗ ಸಿಡಿಪಿಒ ಕಚೇರಿಯಿಂದ ರಿಜಿಸ್ಟರು ನೋಡಲು ಅನುಮತಿ ಪತ್ರ, ಬಿಇಒ ಕಚೇರಿಯಿಂದ ಇನ್ನೊಂದು, ಎರಡರ ನಾಲ್ಕು ನಾಲ್ಕು ಜೆರಾಕ್ಸು ಇಟ್ಟುಕೊ. ಬಿಸಿಲಿಗೆ ಟೋಪಿ, ನೀರಿನ ಬಾಟಲಿ. ಕೊಟ್ಟ ಟೀ ಬೇಡ ಅನ್ನಬೇಡ, ಸಕ್ಕರೆ ಹೆಚ್ಚಾದರೂ ಕುಡಿ. ವರದಿ ಬರೆದಾದ ಮೇಲೆ ಕನ್ನಡದಲ್ಲಿ ಎರಡು ಪುಟ ಮಾಡಿ ಗ್ರಾಮಸಭೆಯಲ್ಲಿ ಓದು. ಬಿಟ್ಟುಹೋದ ಹೆಸರುಗಳನ್ನು ಅಲ್ಲಿ ಕೂತವರೇ ಎದ್ದು ಹೇಳುತ್ತಾರೆ, ಹೇಳಿದ್ದನ್ನು ಬರೆದುಕೊಳ್ಳಲು ಖಾಲಿ ಹಾಳೆ ತಂದಿರು.